ಅಬೆಯಲ್ಲಿ ಹಚ್ಚಿದ ನಿಂಬೆಹಣ್ಣಿನ ದೀಪ

ಇಂಗ್ಲೆಂಡಿನ ನಿಂಬೆಹಣ್ಣನ್ನು ಒಳಹೊರಗು ತಿರುಗಿಸಲು ಆಗುವುದಿಲ್ಲ. ಇದು ನನಗೆ ಗೊತ್ತಾದದ್ದು ಮಗಳ ಅಡುಗೆಮನೆಯಲ್ಲಿ, ಒಂದು ಗುರುವಾರ ಸಾಯಂಕಾಲ, ಆರು ಹಣ್ಣು ಹಾಳು ಮಾಡಿದ ಮೇಲೆ. ಅಲ್ಲಿಯ ಹಣ್ಣು ನೋಡಲು ಬಹಳ ಚೆನ್ನ. ಒಂದರ ಹಾಗೆ ಒಂದು, ಮೇಣ ಸವರಿದಂತೆ ಹೊಳಪು. ಸಿಪ್ಪೆ ಮಾತ್ರ ಹೇರಳೆಕಾಯಿಯಷ್ಟು ದಪ್ಪ. ಅರ್ಧಕ್ಕೆ ಕತ್ತರಿಸಿ, ರಸ ಹಿಂಡಿ, ಬುಡಕ್ಕೆ ಹೆಬ್ಬೆರಳು ಕೊಟ್ಟು ಬಟ್ಟಲಿನಂತೆ ಮಗುಚಹೋದರೆ ಸೀಳಿಕೊಂಡು ಎರಡು ಹೋಳಾಗುತ್ತಿತ್ತು. ಆರನೆಯದೂ ಸೀಳಿದಾಗ ಹಲಗೆಯ ಮೇಲೆ ಚಾಕು ಇಟ್ಟು ಅಲ್ಲೇ ನಿಂತು ಅತ್ತೆ.

ಈಗ ಅಳು ಬರುವುದಿಲ್ಲ. ಯಾರಿಗಾಗಿ ಅತ್ತೆನೋ ಆ ಹುಡುಗಿ ಹೋದ ತಿಂಗಳು ನಮ್ಮ ಬನಶಂಕರಿ ಮನೆಗೆ ಬಂದು, ಒಂದು ಲೋಟ ಹಾಲು ಕುಡಿದು, ಹಾಲಿನ ಮೀಸೆ ಒರೆಸಿಕೊಳ್ಳದೆ ಇನ್ನೊಂದು ಲೋಟ ಕೇಳಿದಳು. ಆ ಬಿಳಿ ಮೀಸೆ ನೋಡಿದ ಮೇಲೆ ಇದನ್ನು ಬರೆದಿಡಬೇಕು ಅನ್ನಿಸಿತು. ನಾನು ಓದಿದ್ದು ಮೂರನೇ ಕ್ಲಾಸು. ಬರೆಯಲು ಕೂತರೆ ಕೈ ನಿಧಾನ, ಮನಸ್ಸು ಮಾತ್ರ ಉಕ್ಕುವ ಹಾಲಿನ ಹಾಗೆ ಒಲೆಯೆಲ್ಲ ಆಗುತ್ತದೆ. ಆದಷ್ಟು ಸರಿಯಾಗಿ ಹೇಳುತ್ತೇನೆ.

ಬನಶಂಕರಿ ಅಮ್ಮನ ಗುಡಿಗೆ ಹೋದವರಿಗೆ ನಿಂಬೆಹಣ್ಣಿನ ದೀಪ ಹೊಸದಲ್ಲ. ಶುಕ್ರವಾರ ರಾಹುಕಾಲ ಹತ್ತೂವರೆಗೆ ಶುರುವಾಗಿ ಹನ್ನೆರಡಕ್ಕೆ ಮುಗಿಯುತ್ತದೆ. ಬೇರೆಯವರು ಆ ಹೊತ್ತಿನಲ್ಲಿ ಒಳ್ಳೆಯ ಕೆಲಸ ಮುಟ್ಟುವುದಿಲ್ಲ, ನಾವು ಆ ಹೊತ್ತಿಗೇ ಕಾದು ದೀಪ ಹಚ್ಚುತ್ತೇವೆ. ಹಿಂಡಿದ ಸಿಪ್ಪೆಯನ್ನು ಮಗುಚಿ, ತುಪ್ಪ ಹಾಕಿ, ಬತ್ತಿ ಇಡುವುದು. ನಮ್ಮ ನಾಡಿನ ಹಣ್ಣಿನ ಸಿಪ್ಪೆ ತೆಳು, ಹೇಳಿದ ಹಾಗೆ ಕೇಳುತ್ತದೆ. ಮಗಳಿಗೆ ಎರಡು ಸಲ ಗರ್ಭ ನಿಲ್ಲದೆ ಹೋಗಿ ಮೂರನೇ ಸಲ ನಿಂತಾಗ, ಒಂಬತ್ತು ಶುಕ್ರವಾರ ದೀಪ ಹಚ್ಚುತ್ತೇನೆ ಅಂತ ಅಮ್ಮನಿಗೆ ಹೇಳಿಕೊಂಡೆ.

ಮಗಳು ನರ್ಸು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದವಳು, ಎರಡು ಸಾವಿರದ ಇಸವಿ ದಾಟಿದ ಮೇಲೆ ಅಲ್ಲಿಗೆ ನರ್ಸುಗಳು ಬೇಕು ಅಂತ ಕರೆದಾಗ ಹೋದಳು. ಅಳಿಯಂದಿರು ಧಾರವಾಡದ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಮದುವೆಯಾದ ಮೇಲೆ ಹೆಂಡತಿಯ ಹಿಂದೆ ಅವರೂ ಹೊರಟರು. ಅವರು ಮಾತಾಡಿದರೆ ಮೊದಮೊದಲು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆಮೇಲೆ ಆ ಮಾತಿನಲ್ಲಿ ಜೋಳದ ರೊಟ್ಟಿಯ ಹಾಗೆ ಒಂದು ಗಟ್ಟಿ ರುಚಿ ಇದೆ ಅಂತ ಗೊತ್ತಾಯಿತು.

ಏಳನೇ ಶುಕ್ರವಾರದ ದೀಪ ಹಚ್ಚಿ ಬಂದ ಮಾರನೇ ದಿನ ಫೋನು ಬಂತು. ಮಗು ಹುಟ್ಟಿಬಿಟ್ಟಿದೆ, ಹೆಣ್ಣು, ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು ಅಷ್ಟೆ. ಬಾಣಂತನಕ್ಕೆ ಅಂತ ನನ್ನ ಪಾಸ್‌ಪೋರ್ಟು, ವೀಸಾ ಎಲ್ಲ ಮೊದಲೇ ಆಗಿತ್ತು. ಟಿಕೆಟ್ಟಿನ ದಿನ ಹಿಂದಕ್ಕೆ ತರಿಸಿದರು. ಎಂಟನೇ ಶುಕ್ರವಾರದ್ದನ್ನೂ ಮುಗಿಸಿಕೊಂಡು ಮಂಗಳವಾರ ಹೊರಟೆ. ಉಳಿದದ್ದು ಒಂದು.

"ಒಂದು ವಾರ ತಪ್ಪಿದ್ರೆ ಏನಾಗುತ್ತೆ, ಅಮ್ಮ ಏನು ಹಾಜರಿ ಪುಸ್ತಕ ಇಟ್ಕೊಂಡು ಕೂತಿದ್ದಾಳಾ?" ಅಂದರು ನಮ್ಮ ಯಜಮಾನರು, ಪೆಟ್ಟಿಗೆಗೆ ಹಗ್ಗ ಕಟ್ಟುತ್ತಾ. ಅವರು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡಿ ರಿಟೈರ್ ಆದವರು. ದೇವರ ವಿಷಯದಲ್ಲಿ ಒಂದು ಕೈ ಮುಗಿದು ಇನ್ನೊಂದು ಕೈಯಲ್ಲಿ ನಗುವವರು.

"ನೀವು ಗುಡಿ ಬಾಗಿಲಿಗೆ ಬಂದು ಚಪ್ಪಲಿ ಕಾಯೋರು. ನಿಮಗೇನು ಗೊತ್ತು," ಅಂದೆ. ಅವರು ನಿಜವಾಗಿಯೂ ಅದನ್ನೇ ಮಾಡುತ್ತಿದ್ದರು. ಎಂಟು ವಾರವೂ ನನ್ನ ಜೊತೆ ಬಂದು, ಒಳಗೆ ಬರದೆ, ಹೊರಗೆ ಚಪ್ಪಲಿಯ ಪಕ್ಕ ನಿಂತು ಪೇಪರು ಓದುತ್ತಿದ್ದರು.

ವಿಮಾನದ ಚಳಿಗೆ ನನಗೆ ನೆಗಡಿ ಹಿಡಿಯಿತು. ಅದೇ ದೊಡ್ಡ ತೊಂದರೆಯಾಯಿತು. ಆಸ್ಪತ್ರೆಯಲ್ಲಿ, ನೆಗಡಿ ಇದ್ದವರು ಆ ವಾರ್ಡಿನ ಒಳಗೆ ಕಾಲಿಡುವ ಹಾಗಿಲ್ಲ ಅಂದರು. ಬುಧವಾರ, ಗುರುವಾರ ಎರಡು ದಿನವೂ ಮೊಮ್ಮಗಳನ್ನು ಬಾಗಿಲಿನ ಗಾಜಿನ ಆಚೆಯಿಂದ ನೋಡಿದೆ. ಅವಳು ಇನ್ನೊಂದು ಗಾಜಿನ ಪೆಟ್ಟಿಗೆಯ ಒಳಗೆ. ಹಾಗಾಗಿ ಎರಡು ಗಾಜು ದಾಟಿ ನನ್ನ ಕಣ್ಣು ಹೋಗಬೇಕು. ಕಂಡದ್ದು ಒಂದು ಹಳದಿ ಉಣ್ಣೆ ಟೋಪಿ, ಮೂಗಿನೊಳಕ್ಕೆ ಹೋದ ಒಂದು ಸಣ್ಣ ನಳಿಕೆ. ಹಾಲು ಹೋಗುತ್ತಿದ್ದದ್ದು ಅದರಲ್ಲೇ.

ಮಗಳು ಆಸ್ಪತ್ರೆಯಲ್ಲೇ ತಾಯಂದಿರ ಕೋಣೆಯಲ್ಲಿದ್ದಳು. ಹೊರಗೆ ಬಂದು ನನ್ನ ಪಕ್ಕ ಕೂತಳು. ಮುಖ ಇಷ್ಟಾಗಿತ್ತು.

"ಬಾಯಲ್ಲಿ ಕುಡಿಯಕ್ಕೆ ಬರ್ತಿಲ್ಲಮ್ಮ ಅವಳಿಗೆ. ಚೀಪಕ್ಕೆ ಶುರು ಮಾಡ್ತಾಳೆ, ಉಸಿರಾಡೋದು ಮರೆತುಬಿಡ್ತಾಳೆ. ನೀಲಿಯಾಗ್ತಾಳೆ."

"ಮರೆಯೋದು ಅಂದ್ರೆ?"

"ಚಿಕ್ಕದಲ್ವಾ. ಎರಡು ಕೆಲಸ ಒಟ್ಟಿಗೆ ಇನ್ನೂ ಕಲಿತಿಲ್ಲ. ಶುಕ್ರವಾರದವರೆಗೂ ನೋಡ್ತೀವಿ ಅಂದಿದಾರೆ ಡಾಕ್ಟ್ರು. ಆಗ್ಲಿಲ್ಲ ಅಂದ್ರೆ ಬೇರೆ ಏನೋ ಇದೆ ಅಂತ, ದೊಡ್ಡ ಊರಿನ ಆಸ್ಪತ್ರೆಗೆ ಕಳಿಸ್ತಾರಂತೆ. ನಾನು ನರ್ಸ್ ಆಗಿದ್ದೇ ತಪ್ಪಾಯ್ತಮ್ಮ. ಆ ಮಿಷನ್ನು ಒಂದೊಂದು ಸಲ ಕೂಗಿದಾಗ್ಲೂ ಯಾಕೆ ಕೂಗ್ತು ಅಂತ ನನಗೆ ಗೊತ್ತಾಗುತ್ತೆ."

ಶುಕ್ರವಾರ. ಅವಳಿಗೆ ಡಾಕ್ಟರು ಹೇಳಿದ್ದೂ ಶುಕ್ರವಾರ, ನನಗೆ ಅಮ್ಮನ ಹತ್ತಿರ ಬಾಕಿ ಇದ್ದದ್ದೂ ಅದೇ ಶುಕ್ರವಾರ. ಮನೆಗೆ ಬಂದವಳೇ ಚಾಕು ಹಿಡಿದೆ. ಆರು ಹಣ್ಣಿನ ಕಥೆ ಆಗಲೇ ಹೇಳಿದೆ.

ಅಳಿಯಂದಿರು ಬಂದು ನೋಡಿದರು. ಹಲಗೆ ತುಂಬ ಸೀಳಿದ ಸಿಪ್ಪೆ, ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾರೆ.

"ಉಪ್ಪಿನಕಾಯಿ ಹಾಕಾಕತ್ತೀರೇನ್ರಿ?"

ವಿಷಯ ಹೇಳಿದೆ. ಅವರು ನಗಲಿಲ್ಲ. ಸಿಪ್ಪೆಯನ್ನೆಲ್ಲ ಒಂದು ಕವರಿಗೆ ತುಂಬಿದರು. "ನಾಳೆ ಇಲ್ಲೇ ಪ್ಯಾಟ್ಯಾಗ ಸಂತಿ ಐತ್ರಿ. ಸಣ್ಣವು ಸಿಕ್ರೂ ಸಿಗತಾವ. ಆದ್ರ ದೀಪ ಎಲ್ಲಿ ಹಚ್ಚತೀರಿ ಅತ್ತಿ? ಮನ್ಯಾಗ ಹಚ್ಚಬ್ಯಾಡ್ರಿ, ಹೊಗಿಗೆ ಗಂಟಿ ಹೊಡೀತೈತಿ ಇಲ್ಲಿ, ಫೈರ್ ಎಂಜಿನ್ ಬರತೈತಿ."

ಈ ದೀಪವನ್ನು ಮನೆಯೊಳಗೆ ಹಚ್ಚುವ ಪದ್ಧತಿ ನಮ್ಮಲ್ಲೂ ಇಲ್ಲ. ಗುಡಿಯೇ ಬೇಕು. ಆ ಊರಿನಲ್ಲಿ ಗುಡಿ ಇಲ್ಲ. ಹತ್ತಿರದ್ದು ಅಂದರೆ ರೈಲಿನಲ್ಲಿ ಎರಡು ಗಂಟೆ. ಆಸ್ಪತ್ರೆ ಬಿಟ್ಟು ಅಷ್ಟು ದೂರ ಹೋಗುವ ಮಾತೇ ಇಲ್ಲ.

"ಇಲ್ಲೊಂದು ಅಬೆ ಐತ್ರಿ," ಅಂದರು ಅಳಿಯಂದಿರು ಕವರಿಗೆ ಗಂಟು ಹಾಕುತ್ತಾ. "ಭಾಳ ಹಳೇ ಚರ್ಚು. ಹಿಂದ ಸನ್ಯಾಸಿಗಳ ಮಠ ಆಗಿತ್ತಂತ. ಒಳಗ ಮಂದಿ ಬತ್ತಿ ಹಚ್ಚತಾರ. ಮೇಣದ್ದು."

"ಮಠ ಅಂದ್ರೆ ಆಯ್ತು," ಅಂದೆ. ನನಗೆ ಅಷ್ಟು ಸಾಕಾಯಿತು.

ಮಾರನೇ ಬೆಳಗ್ಗೆ ಕಟ್ಟಿದ್ದ ಮೂಗು ಬಿಟ್ಟಿತ್ತು. ಅದನ್ನೇ ಒಳ್ಳೆಯ ಸೂಚನೆ ಅಂದುಕೊಂಡೆ. ಊರಿನಿಂದ ತಂದಿದ್ದ ತುಪ್ಪದ ಡಬ್ಬಿ, ಬತ್ತಿ, ಬೆಂಕಿಪೊಟ್ಟಣ ಚೀಲಕ್ಕೆ ಹಾಕಿಕೊಂಡೆ. ಸೀರೆಯ ಮೇಲೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊಂಡ ಸ್ವೆಟರು, ಅದರ ಮೇಲೆ ಮಗಳ ಕೋಟು, ಕಾಲಿಗೆ ನನ್ನ ಚಪ್ಪಲಿ. ಬೂಟು ಹಾಕಿಕೊಳ್ಳಿ ಅಂತ ಅಳಿಯಂದಿರು ಎಷ್ಟು ಹೇಳಿದರೂ ಕೇಳಲಿಲ್ಲ. ಗುಡಿ ಬಾಗಿಲಲ್ಲಿ ಬೂಟಿನ ದಾರ ಬಿಚ್ಚುತ್ತಾ ಯಾರು ಕೂರುತ್ತಾರೆ.

ಸಂತೆ ಅಂದರೆ ಸಂತೆಯೇ. ಊರ ನಡುವೆ ಕಲ್ಲು ಹಾಸಿದ ಚೌಕ, ಸುತ್ತ ಸೊಟ್ಟಸೊಟ್ಟ ಹಳೇ ಮನೆಗಳು, ನಡುವೆ ಪಟ್ಟೆಪಟ್ಟೆ ಬಟ್ಟೆ ಕಟ್ಟಿದ ಅಂಗಡಿಗಳು. ಮೊಟ್ಟೆ, ಮೀನು, ಹೂವಿನ ಗಿಡ, ಹಳೇ ಪಾತ್ರೆ. ಒಬ್ಬ ತರಕಾರಿಯವನು ನಮ್ಮ ಮಾರುಕಟ್ಟೆಯವರ ಹಾಗೆಯೇ ಕೂಗುತ್ತಿದ್ದ. ಮಾತು ತಿಳಿಯದಿದ್ದರೂ ರಾಗದಿಂದಲೇ ತಿಳಿಯಿತು, ಕೊನೆಯ ಗುಡ್ಡೆ, ಬಿಟ್ಟರೆ ಸಿಗದು ಅನ್ನುತ್ತಿದ್ದಾನೆ ಅಂತ. ಅವನ ಹತ್ತಿರ ಹೋಗಿ ಹಣ್ಣುಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಒತ್ತಿ ನೋಡತೊಡಗಿದೆ. ಅವನು ಕೂಗುವುದು ನಿಲ್ಲಿಸಿದ.

"ಅತ್ತಿ, ಕೈ ಹಚ್ಚಬ್ಯಾಡ್ರಿ. ಇಲ್ಲಿ ಅವರ ತಗದು ಕೊಡತಾರ."

"ಒತ್ತದೆ ಸಿಪ್ಪೆ ಹೇಗೆ ಗೊತ್ತಾಗುತ್ತೆ?"

ಅಳಿಯಂದಿರು ಅವನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ತೆಳು ಸಿಪ್ಪೆ ಅಂತ ಬೆರಳಲ್ಲಿ ತೋರಿಸಿದರು. ಅವನು ತಲೆ ಕೆರೆದುಕೊಂಡು, ಬಗ್ಗಿ, ಕೆಳಗಿನ ಪೆಟ್ಟಿಗೆಯಿಂದ ಸಣ್ಣ ಹಸಿರು ಹಣ್ಣು ನಾಲ್ಕು ತೆಗೆದ. ನೋಡಿದ ಕೂಡಲೇ ಗುರುತು ಹತ್ತಿತು. ನಮ್ಮದೇ ಜಾತಿ, ಇನ್ನೂ ಹಣ್ಣಾಗಿಲ್ಲ ಅಷ್ಟೆ. ಒಂದನ್ನು ಮೂಗಿಗೆ ಹಿಡಿದೆ. ಜಯನಗರ ಮಾರುಕಟ್ಟೆಯ ವಾಸನೆ ಬಂತು. ನನ್ನ ಮುಖ ನೋಡಿ ಅವನೂ ನಕ್ಕ.

ಗಂಟೆ ಹನ್ನೊಂದಕ್ಕೆ ಹತ್ತಿರ. ನಾನು ಅಬೆಯ ಕಡೆ ಓಡುವ ಹಾಗೆ ನಡೆಯುತ್ತಿದ್ದೆ.

"ಅತ್ತಿ, ಒಂದು ಮಾತು ಕೇಳಲೇನ್ರಿ," ಅಂದರು ಅಳಿಯಂದಿರು ಹಿಂದಿನಿಂದ. "ಇದು ಯಾವ ಊರಿನ ರಾಹುಕಾಲ? ಬೆಂಗ್ಳೂರಾಗ ಈಗ ಮಧ್ಯಾಹ್ನ ಮೂರೂವರಿ. ಅಲ್ಲಿ ರಾಹುಕಾಲ ಎಂದೋ ಮುಗದಹೋತು."

ನಾನು ಚೌಕದ ನಡುವೆಯೇ ನಿಂತುಬಿಟ್ಟೆ. ಇದನ್ನು ನಾನು ಯೋಚಿಸಿರಲೇ ಇಲ್ಲ. ಯೋಚಿಸಿದೆ. ರಾಹು ಹೋಗುವುದು ಸೂರ್ಯನ ಲೆಕ್ಕಕ್ಕೆ. ಸೂರ್ಯ ಇಲ್ಲಿ ಹುಟ್ಟಿದ್ದು ಇಲ್ಲಿಯ ಬೆಳಗ್ಗೆ. ದೀಪ ಹಚ್ಚುವ ಕೈ ಇಲ್ಲಿದೆ, ಮಗುವೂ ಇಲ್ಲಿದೆ.

"ಇಲ್ಲಿದೇ ಲೆಕ್ಕ," ಅಂದೆ. ಅಂದರೂ ಒಳಗೆ ಒಂದು ಮುಳ್ಳು ಉಳಿಯಿತು.

ಆ ಅಬೆಯನ್ನು ಹೇಗೆ ಹೇಳಲಿ. ಜೇನಿನ ಬಣ್ಣದ ಕಲ್ಲು. ಎದುರಿಗೆ ನಿಂತರೆ ತಲೆಯ ಮೇಲಿನ ಸೆರಗು ಜಾರುವಷ್ಟು ಕತ್ತು ಹಿಂದಕ್ಕೆ ಹೋಗುತ್ತದೆ. ಒಂದು ಪಕ್ಕದಲ್ಲಿ ಬರೀ ಮುರಿದ ಗೋಡೆ, ಆಕಾಶ, ಹುಲ್ಲು. ಹಿಂದೊಬ್ಬ ರಾಜ ಸನ್ಯಾಸಿಗಳನ್ನು ಓಡಿಸಿ ಮಠವನ್ನೆಲ್ಲ ಒಡೆಸಿದನಂತೆ. ಇಷ್ಟು ಭಾಗ ನಮಗೆ ಪೂಜೆಗೆ ಬೇಕು, ಬಿಟ್ಟುಕೊಡಿ ಅಂತ ಊರಿನವರು ಕೇಳಿ ಉಳಿಸಿಕೊಂಡರಂತೆ. ಅಳಿಯಂದಿರು ಬಾಗಿಲಿನ ಬೋರ್ಡು ಓದಿ ಹೇಳಿದ್ದು. ಸಂತೆಯಲ್ಲಿ ಮೊಟ್ಟೆ ಮಾರುವಂಥ ಜನವೇ ಇಷ್ಟು ದೊಡ್ಡದನ್ನು ಉಳಿಸಿಕೊಂಡರಲ್ಲ ಅಂತ ನನಗೆ ಧೈರ್ಯ ಬಂತು.

ತುಂತುರು ಶುರುವಾಗಿತ್ತು. ಬಾಗಿಲ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟೆ. ಅಳಿಯಂದಿರು ನನ್ನ ಮುಖ ನೋಡಿದರು, ಸುತ್ತ ನೋಡಿದರು, ಆಮೇಲೆ ತಾವೂ ಬೂಟು ಬಿಚ್ಚಿ ಕಾಲುಚೀಲದಲ್ಲಿ ಬಂದರು. ಎಡಗಾಲಿನ ಹೆಬ್ಬೆರಳು ತೂತಿನಿಂದ ಹೊರಗೆ ಬಂದಿತ್ತು. ಹೆಂಡತಿ ಆಸ್ಪತ್ರೆಯಲ್ಲಿದ್ದರೆ ಹೀಗೆಯೇ.

ಒಳಗಿನ ಕಲ್ಲು ನನ್ನ ಪಾದಕ್ಕೆ ಮಂಜುಗಡ್ಡೆಯಂತೆ ತಾಕಿತು. ಒಂದೊಂದು ಕಂಬ ನಾಲ್ಕು ಜನ ಕೈ ಕೈ ಹಿಡಿದರೂ ಸುತ್ತದು. ಬಣ್ಣದ ಗಾಜಿನ ಕಿಟಕಿಯಿಂದ ನೆಲದ ಮೇಲೆ ಕೆಂಪು, ನೀಲಿ ಬಿದ್ದಿತ್ತು. ಆ ಬಣ್ಣದ ಮೇಲೆ ಕಾಲಿಡುತ್ತಾ ನಾಲ್ಕು ಹೆಜ್ಜೆ ಹೋಗಿದ್ದೆ. ಕಲ್ಲಿನ ಮೇಲೆ ಅಕ್ಷರ ಕಂಡಿತು.

"ಏನು ಬರೆದಿದೆ?"

ಅಳಿಯಂದಿರು ತಡೆದು ತಡೆದು ಹೇಳಿದರು. "ಒಳಗ ಮಂದಿ ಮಲಗ್ಯಾರ್ರಿ. ಸಮಾಧಿ."

ನಾನು ಪಕ್ಕದ ಕಲ್ಲಿಗೆ ಹಾರಿದೆ. ಅದರ ಮೇಲೂ ಅಕ್ಷರ. ಅದರಿಂದ ಇನ್ನೊಂದಕ್ಕೆ. ಐವತ್ತೆಂಟು ವರ್ಷದ ಹೆಂಗಸು ಕೋಟು ಹಾಕಿಕೊಂಡು ಕುಂಟೆಬಿಲ್ಲೆ ಆಡಿದಂತೆ ಆಯಿತು. ಬೆಂಚುಗಳಲ್ಲಿ ಕೂತಿದ್ದ ಒಬ್ಬಿಬ್ಬರು ತಿರುಗಿ ನೋಡಿದರು. ಅಳಿಯಂದಿರು ಪಾಪ, ನಾನು ಬೀಳುತ್ತೇನೆ ಅಂತ ಕೈ ಚಾಚಿಕೊಂಡು, ತಾವೂ ಸತ್ತವರನ್ನು ತುಳಿಯಬಾರದೆಂದು ನನ್ನ ಹಿಂದೆಯೇ ಹಾರುತ್ತಾ ಬಂದರು. ಕೊನೆಗೆ ಖಾಲಿ ಕಲ್ಲೇ ಇಲ್ಲ ಅಂತ ಗೊತ್ತಾಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪಾಯ್ತಪ್ಪ ಅಂತ ಹೇಳಿ ಮಾಮೂಲಿಯಂತೆ ನಡೆದೆ.

ಒಂದು ಪಕ್ಕದಲ್ಲಿ ಕಬ್ಬಿಣದ ತಟ್ಟೆ, ಅದರಲ್ಲಿ ಮರಳು, ಮರಳಿನಲ್ಲಿ ಸಣ್ಣ ಸಣ್ಣ ಮೇಣದ ಬತ್ತಿಗಳು ಉರಿಯುತ್ತಿದ್ದವು. ಅದರ ಮುಂದೆ ಕೂತು ಚೀಲ ಬಿಚ್ಚಿದೆ. ಚಾಕು ತೆಗೆದೆ. ಅಳಿಯಂದಿರು ನನಗೂ ಜನಕ್ಕೂ ನಡುವೆ ಅಡ್ಡ ನಿಂತರು. ಹಸಿರು ಹಣ್ಣನ್ನು ಅರ್ಧ ಮಾಡಿ, ರಸವನ್ನು ಡಬ್ಬಿಯ ಮುಚ್ಚಳಕ್ಕೆ ಹಿಂಡಿದೆ. ಹೆಬ್ಬೆರಳು ಕೊಟ್ಟೆ. ಉಸಿರು ಹಿಡಿದಿದ್ದೆ. ಸಿಪ್ಪೆ ಮಗುಚಿಕೊಂಡಿತು. ಸೀಳಲಿಲ್ಲ. ತುಪ್ಪ ಹಾಕಿ, ಬತ್ತಿ ಇಟ್ಟು, ಮೇಣದ ಬತ್ತಿಗಳ ನಡುವೆ ಮರಳಲ್ಲಿ ಕೂರಿಸಿ ಹಚ್ಚಿದೆ. ಕಣ್ಣು ಮುಚ್ಚಿ ಒಂದೇ ಮಾತು ಹೇಳಿದೆ. ಕುಡಿಯುವುದು ಕಲಿಸು. ಉಸಿರಾಡುವುದು ನೆನಪಿಸು.

ಕಣ್ಣು ಬಿಟ್ಟಾಗ ಒಬ್ಬ ಹೆಂಗಸು ಪಕ್ಕದಲ್ಲಿ ನಿಂತಿದ್ದರು. ನನಗಿಂತ ಹಿರಿಯರು, ಬಿಳೀ ಕೂದಲು, ಎದೆಯ ಮೇಲೆ ಒಂದು ಬಿಲ್ಲೆ. ಅಲ್ಲಿ ಬರುವವರನ್ನು ನೋಡಿಕೊಳ್ಳುವ ಸೇವೆಯವರು ಅಂತ ಆಮೇಲೆ ತಿಳಿಯಿತು. ಅವರ ಕಣ್ಣು ದೀಪದ ಮೇಲೆ, ಆಮೇಲೆ ನನ್ನ ಚಾಕುವಿನ ಮೇಲೆ, ಆಮೇಲೆ ಅಳಿಯಂದಿರ ಹೆಬ್ಬೆರಳ ಮೇಲೆ ಹೋಯಿತು. ಅಳಿಯಂದಿರು ಸಾರಿ, ಸಾರಿ ಅನ್ನತೊಡಗಿದರು. ಆರಿಸಿಬಿಡುತ್ತಾರೆ ಅಂತ ನಾನು ಎರಡೂ ಕೈ ದೀಪದ ಸುತ್ತ ಇಟ್ಟೆ.

ಅವರು ತಿರುಗಿ ಹೊರಟುಹೋದರು.

"ಯಾರನ್ನೋ ಕರೀಲಿಕ್ಕೆ ಹ್ವಾದ್ರು. ಏಳ್ರಿ ಅತ್ತಿ."

"ಬತ್ತಿ ಇನ್ನೂ ಇದೆ. ಅರ್ಧದಲ್ಲಿ ಏಳಬಾರ್ದು."

ಅವರು ವಾಪಸು ಬಂದರು. ಕೈಯಲ್ಲಿ ಒಂದು ಟೀ ಸಾಸರು. ಬಗ್ಗಿ, ನನ್ನ ಕೈಯನ್ನು ಮೆಲ್ಲಗೆ ಸರಿಸಿ, ದೀಪ ಅಲ್ಲಾಡದಂತೆ ಎರಡು ಬೆರಳಲ್ಲಿ ಎತ್ತಿ ಸಾಸರಿನಲ್ಲಿಟ್ಟು, ಮತ್ತೆ ಮರಳ ಮೇಲೆ ಇಟ್ಟರು. ಸಿಪ್ಪೆ ವಾಲಿ ತುಪ್ಪ ಚೆಲ್ಲುತ್ತಿತ್ತು, ನಾನು ನೋಡಿರಲಿಲ್ಲ. ಆಮೇಲೆ ಮೂಗು ಮುಂದೆ ತಂದು ವಾಸನೆ ತೆಗೆದುಕೊಂಡು ಏನೋ ಅಂದರು.

"ಏನಂತೆ?"

"ಭಾಳ ಚಂದ ವಾಸ್ನಿ ಅಂತಾರ್ರಿ. ಯಾರ ಸಲುವಾಗಿ ಹಚ್ಚೀರಿ ಅಂತ ಕೇಳಾಕತ್ತಾರ."

ಹೇಳಿಸಿದೆ. ಅಳಿಯಂದಿರು ಇಂಗ್ಲಿಷಿನಲ್ಲಿ ಹೇಳುತ್ತಾ ಹೇಳುತ್ತಾ ನಡುವೆ ನಿಂತರು. ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು. ಹದಿಮೂರು ದಿನದಿಂದ ಆ ಮನುಷ್ಯ ನನ್ನ ಮಗಳಿಗೂ ನನಗೂ ಧೈರ್ಯ ಹೇಳಿ, ಅಡುಗೆ ಮಾಡಿ, ಬಟ್ಟೆ ಒಗೆದು, ತಾನು ಅತ್ತಿರಲಿಲ್ಲ. ಆ ಹೆಂಗಸು ಅವರ ತೋಳು ಮುಟ್ಟಿದರು. ಒಂದು ಸಣ್ಣ ಚೀಟಿ, ಪೆನ್ಸಿಲ್ಲು ತಂದು ನನಗೆ ಕೊಟ್ಟರು. ಪಕ್ಕದ ಹಲಗೆಯ ಮೇಲೆ ಅಂಥ ಚೀಟಿಗಳು ಸಾಲಾಗಿ ಚುಚ್ಚಿದ್ದವು. ಹೆಸರು ಬರೆದರೆ ಭಾನುವಾರ ಎಲ್ಲರ ಮುಂದೆ ಓದಿ, ಎಲ್ಲರೂ ಸೇರಿ ಬೇಡಿಕೊಳ್ಳುತ್ತಾರಂತೆ.

ಹೆಸರು ಎಲ್ಲಿತ್ತು. ಮಗು ಮನೆಗೆ ಬರದೆ ನಾಮಕರಣ ಹೇಗೆ ಮಾಡುವುದು. ಆಸ್ಪತ್ರೆಯ ಕೈಪಟ್ಟಿಯ ಮೇಲೂ ಅವಳ ತಾಯಿಯ ಹೆಸರೇ ಇತ್ತು. ಹೆಸರಿಡಲು ನಮಗೆ ಒಳಗೊಳಗೆ ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ. ಪೆನ್ಸಿಲ್ಲು ಹಿಡಿದು ಕನ್ನಡದಲ್ಲಿ ದಪ್ಪಗೆ ಬರೆದೆ: ಪಾಪು.

ಅವರು ಚೀಟಿ ನೋಡಿ ಏನೆಂದು ಓದಬೇಕು ಅಂತ ಕೇಳಿದರು. ನಾನೇ ಹೇಳಿದೆ. ಅವರು ಎರಡು ಮೂರು ಸಲ ಹೇಳಿಕೊಂಡು ಕಲಿತರು. ಆ ಚೀಟಿಗಳ ಸಾಲಿನಲ್ಲಿ ನನ್ನ ಗುಂಡುಗುಂಡು ಅಕ್ಷರವನ್ನು ಅವರೇ ಚುಚ್ಚಿದರು.

ಬತ್ತಿ ತಾನಾಗಿ ಆರುವವರೆಗೂ ಕೂತು ಬಾಗಿಲಿಗೆ ಬಂದರೆ, ಮೆಟ್ಟಿಲಲ್ಲಿ ನನ್ನ ಚಪ್ಪಲಿ ಇಲ್ಲ. ಅಳಿಯಂದಿರ ಬೂಟೂ ಇಲ್ಲ. ಬೆಂಗಳೂರಿನ ಗುಡಿಗಳಲ್ಲಿ ಚಪ್ಪಲಿ ಹೋಗುವುದು ಗೊತ್ತು, ಇಲ್ಲೂ ಹಾಗೆಯಾ ಅಂದುಕೊಳ್ಳುತ್ತಿದ್ದೆ. ಆ ಹೆಂಗಸು ಕರೆದು ತೋರಿಸಿದರು. ಒಳಗೆ, ಗೋಡೆಗೆ ಹಾಕಿದ್ದ ಬಿಸಿನೀರಿನ ಕೊಳವೆಗಳ ಮೇಲೆ, ನನ್ನ ಚಪ್ಪಲಿ, ಅವರ ಬೂಟು ಜೋಡಿಯಾಗಿ ಒಣಗುತ್ತಿದ್ದವು. ಮಳೆಯಲ್ಲಿ ನೆನೆಯುತ್ತಿವೆ ಅಂತ ಅವರೇ ತಂದಿಟ್ಟಿದ್ದರು.

"ದೇವರ ಮನೆ ಒಳಗೆ ಚಪ್ಪಲಿ ತಂದಿಟ್ಟಿದಾರಲ್ಲ," ಅಂದೆ ಮೆಲ್ಲಗೆ.

"ಸುಮ್ನ ಹಾಕ್ಕೋರಿ ಅತ್ತಿ."

ಹಾಕಿಕೊಂಡೆ. ಬೆಚ್ಚಗಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ನನ್ನ ಕಾಲು ಬೆಚ್ಚಗಾಯಿತು.

ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಮಗಳು ವಾರ್ಡಿನ ಬಾಗಿಲಲ್ಲೇ ನಿಂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ದೂರದಿಂದ ಗೊತ್ತಾಗಲಿಲ್ಲ. ನನ್ನ ಕಾಲು ಅಲ್ಲೇ ನಿಂತಿತು.

"ಕುಡಿದಳಮ್ಮ," ಅಂದಳು. "ಪೂರ್ತಿ. ಉಸಿರಾಡ್ಕೊಂಡು ಕುಡಿದಳು. ಮಿಷನ್ನು ಒಂದು ಸಲಾನೂ ಕೂಗ್ಲಿಲ್ಲ. ಮೂರು ಸಲ ಆಯ್ತು. ನಳಿಕೆ ತೆಗೆದುಬಿಟ್ರು. ಎಲ್ಲೂ ಕಳಿಸಲ್ಲ ಅಂದ್ರು ಡಾಕ್ಟ್ರು."

ಗೋಡೆ ಹಿಡಿದುಕೊಂಡೆ. ಎದೆಯ ಮೇಲೆ ಹದಿಮೂರು ದಿನದಿಂದ ಯಾರೋ ರುಬ್ಬುಗುಂಡು ಇಟ್ಟಿದ್ದು ಎತ್ತಿದಂತಾಯಿತು. ನೋಡಿದಿರಾ, ಅಮ್ಮ ಕೇಳಿಸಿಕೊಂಡಳು ಅಂತ ಅಳಿಯಂದಿರ ಕಡೆ ತಿರುಗಿದೆ.

"ಮೊದಲನೇ ಸಲ ಎಷ್ಟ ಗಂಟೇಕ?" ಅಂತ ಕೇಳಿದರು ಅವರು.

"ಬೆಳಗ್ಗೆ ಆರೂಕಾಲಕ್ಕೆ. ಫೋನಲ್ಲಿ ಹೇಳಿದ್ರೆ ಅಮ್ಮ ಅಲ್ಲೇ ಕೂತ್ಕೊಂಡು ಅಳ್ತಾಳೆ ಅಂತ ಸುಮ್ನಿದ್ದೆ."

ಆರೂಕಾಲಕ್ಕೆ ನಾನು ಇನ್ನೂ ಹಾಸಿಗೆಯಲ್ಲಿದ್ದೆ. ಹಸಿರು ಹಣ್ಣು ಇನ್ನೂ ತರಕಾರಿಯವನ ಪೆಟ್ಟಿಗೆಯಲ್ಲಿತ್ತು. ಅಮ್ಮ ನನ್ನ ದೀಪಕ್ಕೆ ಕಾದೇ ಇರಲಿಲ್ಲ. ನನಗೆ ನಗು ಬಂತು, ನಿಲ್ಲಿಸಲು ಆಗಲಿಲ್ಲ. ನರ್ಸು ಬಂದು, ಅಜ್ಜಿಗೆ ನೆಗಡಿ ಹೋಗಿದೆಯೇ ಅಂತ ಕೇಳಿದಳು. ಕೈ ಎರಡೆರಡು ಸಲ ತೊಳೆಸಿ, ಒಂದು ಕುರ್ಚಿಯಲ್ಲಿ ಕೂರಿಸಿ, ಆ ಹಳದಿ ಟೋಪಿಯನ್ನು ನನ್ನ ಮಡಿಲಿಗೆ ಇಟ್ಟಳು. ಭಾರ ಅನ್ನುವುದೇ ಇಲ್ಲ. ಕೈಯಲ್ಲಿ ಬಿಸಿ ಮಾತ್ರ ಗೊತ್ತಾಗುತ್ತಿತ್ತು, ಈಗ ತಾನೆ ಒಲೆಯಿಂದ ಇಳಿಸಿದ ಇಡ್ಲಿಯ ಹಾಗೆ. ಎರಡು ಗಾಜೂ ಹೋಗಿದ್ದವು.

ಸಾಯಂಕಾಲ ಯಜಮಾನರಿಗೆ ಫೋನು ಮಾಡಿದೆವು. ಬೆಂಗಳೂರಿನಲ್ಲಿ ಊಟ ಮುಗಿದ ಹೊತ್ತು. ವಿಷಯ ಹೇಳಿದೆ.

"ಕೇಳಿಸ್ತಾ?" ಅಂದೆ.

"ಕೇಳಿಸ್ತು. ಎಷ್ಟು ಗಂಟೆಗೆ ಅಂದೆ?"

"ಇಲ್ಲಿ ಬೆಳಗ್ಗೆ ಆರೂಕಾಲು."

ಅವರು ಲೆಕ್ಕ ಹಾಕುತ್ತಿದ್ದರು. "ನಮ್ಮಲ್ಲಿ ಹತ್ತೂಮುಕ್ಕಾಲು," ಅಂದರು ಕೊನೆಗೆ. ಆಮೇಲೆ ಸಣ್ಣ ದನಿಯಲ್ಲಿ, "ಆ ಹೊತ್ತಿಗೆ ನಾನು ಗುಡೀಲಿದ್ದೆ ಕಣೆ."

"ಯಾವ ಗುಡಿ?"

"ಇನ್ಯಾವ್ದು. ನೀನು ಒಂದು ವಾರ ಬಾಕಿ ಅಂತ ಅಷ್ಟು ಪೇಚಾಡ್ಕೊಂಡು ಹೋದ್ಯಲ್ಲ. ನಾನೇ ಹೋಗಿ ಹಚ್ಚಿ ಬಂದೆ. ಲೈನಲ್ಲಿ ಎಲ್ಲಾ ಹೆಂಗಸ್ರು, ನಾನೊಬ್ಬನೇ ಗಂಡಸು. ಒಬ್ಬಳು, ಅಂಕಲ್, ಆಂಟಿ ಎಲ್ಲಿ, ನಿಮ್ಮನ್ನ ಡ್ಯೂಟಿಗೆ ಹಾಕಿದಾರಾ ಅಂದ್ಳು. ಆ ಸಿಪ್ಪೆ ತಿರುಗಿಸೋದು ನನಗೆಲ್ಲಿ ಬರುತ್ತೆ. ಎರಡು ಹರಿದುಹೋಯ್ತು. ಮೂರನೇದನ್ನ ಅವಳೇ ತಿರುಗಿಸಿಕೊಟ್ಳು."

"ಮತ್ತೆ ಚಪ್ಪಲಿ ಯಾರು ಕಾದ್ರು?"

"ಯಾರೂ ಕಾಯ್ಲಿಲ್ಲ. ಹೋಯ್ತು. ಬರಿಗಾಲಲ್ಲಿ ಮನೆಗೆ ಬಂದೆ."

ನಾನು ನಗುತ್ತಾ ನಗುತ್ತಾ ಅತ್ತೆ. ನನಗೆ ದುಃಖದ ಅಳು ಒಂದೇ ಗೊತ್ತಿತ್ತು ಅಲ್ಲಿಯವರೆಗೂ. ಆಮೇಲೆ ಇವತ್ತಿನವರೆಗೆ, ಮೊಮ್ಮಗಳು ಊರಿಗೆ ಬಂದು ಹಾಲು ಕುಡಿದಾಗಲೆಲ್ಲ ಯಜಮಾನರು ನನ್ನ ಕಡೆ ನೋಡಿ, "ಯಾರ ದೀಪ?" ಅನ್ನುತ್ತಾರೆ. "ಹೋಗ್ಲಿ, ನಿಮ್ಮದೇ," ಅನ್ನುತ್ತೇನೆ. ಎಂಟು ದೀಪ ನನ್ನವು ಅಂತ ಒಳಗೆ ಇಟ್ಟುಕೊಂಡಿದ್ದೇನೆ.

ನಾನು ಊರಿಗೆ ಹೊರಡುವ ಮುಂಚೆ ಮಗುವನ್ನು ಎತ್ತಿಕೊಂಡು ಎಲ್ಲರೂ ಅಬೆಗೆ ಹೋದೆವು. ಆ ಹೊತ್ತಿಗೆ ಮನೆಯಲ್ಲೇ ನಾಮಕರಣವಾಗಿತ್ತು, ಕೆನ್ನೆ ಬಂದಿತ್ತು. ಆ ಹೆಂಗಸು ದೂರದಿಂದಲೇ ಗುರುತು ಹಿಡಿದು ಬಂದರು. ಬಗ್ಗಿ ಶಾಲು ಸರಿಸಿ ನೋಡಿ, "ಪಾಪು," ಅಂದರು, ನಮ್ಮ ಬನಶಂಕರಿಯವರ ಹಾಗೆಯೇ. ನಾಲ್ಕು ಭಾನುವಾರ ಆ ಹೆಸರನ್ನು ಓದಿದ್ದರಂತೆ. ಗುಣವಾಯಿತು ಅಂತ ನಾವು ಹೋಗಿ ಹೇಳಿರಲಿಲ್ಲ, ಅವರೂ ನಿಲ್ಲಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಈ ಸಲ ಅವರ ಮೇಣದ ಬತ್ತಿಯನ್ನೇ ತೆಗೆದುಕೊಂಡು ಮರಳಲ್ಲಿ ಹಚ್ಚಿದೆ.

ಅಷ್ಟರಲ್ಲಿ ಪಾಪು ಹಸಿವಿಗೆ ಅತ್ತಳು. ಆ ಎತ್ತರದ ಛಾವಣಿಯ ಕೆಳಗೆ ಒಂದು ಅಳು ಹತ್ತು ಅಳುವಾಗಿ ತಿರುಗಿ ಬಂತು. ನಾನು ಗಾಬರಿಯಾಗಿ ಹೊರಗೆ ಹೋಗೋಣ ಅಂದೆ. ಆ ಹೆಂಗಸು ಬೇಡವೆಂದು ಕೈಯಾಡಿಸಿ, ಕಂಬದ ಬುಡದಲ್ಲಿದ್ದ ಕಲ್ಲಿನ ಜಗಲಿ ತೋರಿಸಿ, ಅದರ ಮೇಲೆ ಕಸೂತಿಯ ದಿಂಬೊಂದನ್ನು ಹಾಕಿದರು. ಮಗಳು ಕೂತು ಶಾಲು ಹೊದ್ದು ಎದೆಗೆ ಹಿಡಿದಳು. ಅಳು ನಿಂತಿತು. ಅಷ್ಟು ದೊಡ್ಡ ಜಾಗದಲ್ಲಿ ಆಗ ಕೇಳಿಸುತ್ತಿದ್ದದ್ದು ಒಂದೇ ಶಬ್ದ. ಗುಟುಕು, ಆಮೇಲೆ ಉಸಿರು. ಗುಟುಕು, ಆಮೇಲೆ ಉಸಿರು.